ಪಾಠ ಹೇಳಿದ ಮೇಷ್ಟ್ರೇ ಎದುರು ಬೆಂಚಿನಲ್ಲಿದ್ದರೆ ರೆಫ್ರಿ ಏನು ಮಾಡಬೇಕು?

ಪ್ರಶ್ನೆ: ಸರ್, ನಾನು ಕೊಡಗಿನ ಪೊನ್ನಂಪೇಟೆ ಕಡೆಯವನು. ಒಂದು ಖಾಸಗಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ಬಾಸ್ಕೆಟ್‌ಬಾಲ್ ರೆಫ್ರಿ ಕೆಲಸಕ್ಕೆ ಹೊಸಬ. ಈ ಸಲ ತಾಲ್ಲೂಕು ಮಟ್ಟದ ಹುಡುಗರ ಪಂದ್ಯದಲ್ಲಿ ಒಂದು ತಂಡದ ಕೋಚ್ ಆಗಿ ಬಂದವರು ನನಗೆ ಹೈಸ್ಕೂಲಿನಲ್ಲಿ ಆಟ ಕಲಿಸಿದ ಮೇಷ್ಟ್ರು. ಮಕ್ಕಳು ಅಲ್ವಾ ಅಂತ ಮೊದಲ ಕ್ವಾರ್ಟರಿನಲ್ಲಿ ಸಣ್ಣಪುಟ್ಟ ತಳ್ಳಾಟ ಬಿಟ್ಟೆ. ಮೂರನೇ ಕ್ವಾರ್ಟರಿನಲ್ಲಿ ಆಟ ಒರಟಾಯಿತು, ಅವರ ತಂಡಕ್ಕೆ ಸಾಲಾಗಿ ಫೌಲ್ ಕೊಟ್ಟೆ. ಅವರು ಕೋರ್ಟಿನ ಒಳಗೇ ಬಂದು ‘ನಿನಗೆ ವಿಸಲ್ ಹಿಡಿಯೋಕೆ ಕಲಿಸಿದ್ದೇ ನಾನು’ ಅಂತ ಎಲ್ಲರೆದುರು ಕೂಗಿದರು. ಆಮೇಲೆ ಟೇಬಲ್ಲಿನ ಲೆಕ್ಕದಲ್ಲಿ ಎರಡು ಪಾಯಿಂಟ್ ವ್ಯತ್ಯಾಸ ಬಂದು ಇನ್ನಷ್ಟು ಗಲಾಟೆ. ಜೊತೆಗಿದ್ದ ರೆಫ್ರಿ ಎಲ್ಲೋ ನೋಡುತ್ತಾ ನಿಂತಿದ್ದರು. ಟೆಕ್ನಿಕಲ್ (ಕೆಟ್ಟ ನಡವಳಿಕೆಗೆ ಕೊಡುವ ಫೌಲ್) ಕೊಡಲು ಕೈ ಬರಲಿಲ್ಲ. ಅವರ ತಂಡ ಗೆದ್ದಿದೆ, ಜಿಲ್ಲಾ ಮಟ್ಟಕ್ಕೂ ಬರುತ್ತದೆ, ಅಲ್ಲಿಯೂ ನನಗೆ ಡ್ಯೂಟಿ ಇದೆ. ಈಗ ಅವರು ನನ್ನ ಫೋನ್ ಎತ್ತುತ್ತಿಲ್ಲ. ಗುರುಗಳಿಗೆ ಟೆಕ್ನಿಕಲ್ ಕೊಟ್ಟರೆ ಊರಲ್ಲಿ ಮುಖ ತೋರಿಸೋದು ಹೇಗೆ? ಕೋಚ್‌ಗಳನ್ನು ಸಂಭಾಳಿಸೋದು ಹೇಗೆ?

ಉತ್ತರ:

ಕೊಡಬಹುದು. ಆ ಮಾತಿಗೆ ಕೊಡಲೇಬೇಕಿತ್ತು. ಆದರೆ ನಿಮ್ಮ ಪ್ರಶ್ನೆ ಓದಿದಾಗ ನನಗೆ ಟೆಕ್ನಿಕಲ್ಲಿಗಿಂತ ಮುಖ್ಯವಾಗಿ ಕಂಡಿದ್ದು ಮೊದಲ ಕ್ವಾರ್ಟರ್. ಅದಕ್ಕೆ ಬರುತ್ತೇನೆ. ಮೊದಲು ಟೆಕ್ನಿಕಲ್ ಅಂದರೆ ಎಷ್ಟು ದೊಡ್ಡ ಶಿಕ್ಷೆ ಅನ್ನೋದನ್ನು ನೋಡೋಣ, ಯಾಕೆಂದರೆ ನಮ್ಮ ಕಡೆ ಅದನ್ನು ಇರುವುದಕ್ಕಿಂತ ಜಾಸ್ತಿ ದೊಡ್ಡದು ಮಾಡಿಕೊಂಡಿದ್ದೇವೆ.

ನಾವು ಆಡಿಸೋದು ಫಿಬಾ, ಅಂದರೆ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆಯ ನಿಯಮದಲ್ಲಿ. ಅದರಲ್ಲಿ ಟೆಕ್ನಿಕಲ್ ಫೌಲ್‌ಗೆ ಎದುರು ತಂಡಕ್ಕೆ ಒಂದೇ ಒಂದು ಫ್ರೀ ಥ್ರೋ. ಅವರ ಕೋಚ್ ಯಾರ ಹೆಸರು ಹೇಳುತ್ತಾರೋ ಆ ಹುಡುಗ ಹೊಡೆಯುತ್ತಾನೆ. ಆಮೇಲೆ ಆಟ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರು, ಬಾಲ್ ಯಾರದ್ದಾಗಿತ್ತೋ ಅವರದ್ದೇ. ಕೋಚ್ ಸ್ವಂತ ನಡವಳಿಕೆಗೆ ಕೊಟ್ಟರೆ ಸ್ಕೋರ್‌ಶೀಟಿನಲ್ಲಿ ಅವರ ಹೆಸರಿನ ಮುಂದೆ ‘ಸಿ’ ಅಂತ ಬರೆಯುತ್ತಾರೆ, ಬೆಂಚಿನಲ್ಲಿ ಕೂತ ಬೇರೆಯವರ ಗಲಾಟೆಗೆ ಆದರೆ ‘ಬಿ’. ಇದು ತಂಡದ ಫೌಲ್ ಲೆಕ್ಕಕ್ಕೂ ಸೇರುವುದಿಲ್ಲ. ಎರಡು ‘ಸಿ’ ಆದರೆ ಕೋಚ್ ಹೊರಗೆ ಹೋಗಬೇಕು. ‘ಬಿ’ಗಳೂ ಸೇರಿ ಮೂರಾದರೂ ಹೊರಗೆ. ಅಂದರೆ ಮೊದಲ ಟೆಕ್ನಿಕಲ್ ಅನ್ನೋದು ಒಂದು ಪಾಯಿಂಟಿನ ಮಾತು. ಅದೂ ನಮ್ಮ ಹೈಸ್ಕೂಲ್ ಹುಡುಗರು ಫ್ರೀ ಥ್ರೋ ಹಾಕುವ ಚಂದ ನೋಡಿದರೆ ಆ ಒಂದು ಪಾಯಿಂಟ್ ಬರುವುದೂ ಖಾತ್ರಿಯಿಲ್ಲ.

ಹಾಗಾದರೆ ಇಷ್ಟು ಹೆದರಿಕೆ ಯಾಕೆ ಬಂತು? ನನಗೆ ಎರಡು ಕಾರಣ ಕಾಣುತ್ತದೆ. ಹಿಂದೆ ನಮ್ಮ ನಿಯಮದಲ್ಲೂ ಇದರ ಶಿಕ್ಷೆ ಜಾಸ್ತಿ ಇತ್ತು, ಫ್ರೀ ಥ್ರೋ ಜೊತೆ ಬಾಲೂ ಹೋಗುತ್ತಿತ್ತು. ಹಳೆಯ ಮೇಷ್ಟ್ರುಗಳ ತಲೆಯಲ್ಲಿ ಅದೇ ಉಳಿದಿದೆ. ಇನ್ನೊಂದು, ನಿಮ್ಮ ವಯಸ್ಸಿನವರು ಯೂಟ್ಯೂಬಿನಲ್ಲಿ ಅಮೆರಿಕದ ಹೈಸ್ಕೂಲ್ ರೆಫ್ರಿಗಳ ವಿಡಿಯೋ ನೋಡಿ ಕಲಿಯುತ್ತೀರಿ. ನೋಡಿ, ಬೇಡ ಅನ್ನಲ್ಲ, ಕೋಚ್ ಜೊತೆ ಹೇಗೆ ಮಾತಾಡಬೇಕು ಅನ್ನೋದನ್ನು ಅವರು ಚೆನ್ನಾಗಿಯೇ ಹೇಳಿಕೊಡುತ್ತಾರೆ. ಆದರೆ ಅವರ ನಿಯಮಪುಸ್ತಕ ಬೇರೆ. ಅಲ್ಲಿ ಎಂಟೆಂಟು ನಿಮಿಷದ ನಾಲ್ಕು ಕ್ವಾರ್ಟರ್, ಟೆಕ್ನಿಕಲ್‌ಗೆ ಎರಡು ಫ್ರೀ ಥ್ರೋ ಮತ್ತು ಬಾಲ್, ಕೋಚ್‌ಗೆ ಎದ್ದು ನಿಂತು ಓಡಾಡುವ ಅವಕಾಶವೂ ಹೋಗುತ್ತದೆ. ಅಲ್ಲಿಯ ಅಳತೆ ತಂದು ಇಲ್ಲಿ ಹೆದರಬೇಡಿ.

ಈಗ ಮೊದಲ ಕ್ವಾರ್ಟರ್.

ಮಕ್ಕಳು ಅಂತ ಬಿಟ್ಟೆ ಅಂದಿರಿ. ಗಲಾಟೆ ಹುಟ್ಟಿದ್ದು ಅಲ್ಲಿ. ನಿಮ್ಮ ಮೇಷ್ಟ್ರು ಅಲ್ಲದೆ ಬೇರೆ ಯಾರೇ ಬೆಂಚಿನಲ್ಲಿದ್ದರೂ ಮೂರನೇ ಕ್ವಾರ್ಟರಿನಲ್ಲಿ ಕೂಗುತ್ತಿದ್ದರು. ಅವರ ಜಾಗದಲ್ಲಿ ನಿಂತು ನೋಡಿ. ಮೊದಲ ಹತ್ತು ನಿಮಿಷ ಅವರ ಹುಡುಗ ಎದುರಾಳಿಯ ಸೊಂಟದ ಮೇಲೆ ಕೈ ಇಟ್ಟು ತಡೆದ, ವಿಸಲ್ ಇಲ್ಲ. ರಿಂಗ್ ಕೆಳಗೆ ಹಿಂದಿನಿಂದ ತಳ್ಳಿ ರೀಬೌಂಡ್ ತೆಗೆದ, ವಿಸಲ್ ಇಲ್ಲ. ಈ ರೆಫ್ರಿ ಇಷ್ಟು ಬಿಡುತ್ತಾನೆ ಅಂತ ಮೇಷ್ಟ್ರು ತಮ್ಮ ಹುಡುಗರಿಗೆ ಅದೇ ರೀತಿ ಆಡಿ ಅಂದಿರುತ್ತಾರೆ, ಅದು ಕೋಚ್ ಮಾಡಬೇಕಾದ ಕೆಲಸವೇ. ಅರ್ಧ ಆಟ ಕಳೆದ ಮೇಲೆ ಅದೇ ತಳ್ಳಾಟಕ್ಕೆ ನೀವು ಸಾಲಾಗಿ ಊದಿದಿರಿ. ಒಂದು ಕ್ವಾರ್ಟರಿನಲ್ಲಿ ನಾಲ್ಕು ತಂಡದ ಫೌಲ್ ಮುಗಿದರೆ ಐದನೆಯದರಿಂದ ಎದುರಿನವರಿಗೆ ಎರಡೆರಡು ಫ್ರೀ ಥ್ರೋ. ಎರಡು ನಿಮಿಷದಲ್ಲಿ ಅವರ ಆಟವೇ ಉಲ್ಟಾ ಆಗಿಬಿಟ್ಟಿತು. ಅವರು ಬಳಸಿದ ಮಾತು ತಪ್ಪು. ಸಿಟ್ಟಿಗೆ ಕಾರಣ ಇತ್ತು.

ಬಿಗಿಯಾಗಿ ಊದುವ ರೆಫ್ರಿಗೂ ಕೋಚ್ ಹೊಂದಿಕೊಳ್ಳುತ್ತಾನೆ, ಸಡಿಲ ಬಿಡುವವನಿಗೂ ಹೊಂದಿಕೊಳ್ಳುತ್ತಾನೆ. ಮಧ್ಯದಲ್ಲಿ ಅಳತೆ ಬದಲಾದರೆ ಯಾರಿಂದಲೂ ಆಗಲ್ಲ. ಹಾಗಾಗಿ ಆಟದ ಮೊದಲ ಮೂರು ನಾಲ್ಕು ನಿಮಿಷದಲ್ಲಿ ನಿಮ್ಮ ಅಳತೆ ಏನು ಅಂತ ಎಲ್ಲರಿಗೂ ಗೊತ್ತಾಗಬೇಕು. ಡ್ರಿಬಲ್ ಮಾಡುವವನ ಮೇಲೆ ಕೈ ಇಟ್ಟೇ ಇರುವುದು, ಎದುರಾಳಿಯ ದಾರಿ ತಡೆಯಲು ಓಡುತ್ತಾ ಅಡ್ಡ ಬಂದು ಹಾಕುವ ಸ್ಕ್ರೀನ್, ರಿಂಗ್ ಕೆಳಗೆ ಬೆನ್ನಿಗೆ ಮೊಣಕಾಲು ಕೊಡುವುದು, ಇವು ಮೂರನ್ನು ಮೊದಲು ಕಂಡಾಗಲೇ ಊದಿ. ಎರಡು ಸಲ ಊದಿದರೆ ಹುಡುಗರೇ ಕೈ ತೆಗೆಯುತ್ತಾರೆ, ಅವರು ನಮಗಿಂತ ಬೇಗ ಕಲಿಯುತ್ತಾರೆ.

ಹಾಗಂತ ತಾಗಿದ್ದಕ್ಕೆಲ್ಲ ಊದಬೇಡಿ. ತಾಗಿದ್ದರಿಂದ ಯಾರಿಗಾದರೂ ಅನ್ಯಾಯದ ಲಾಭ ಆಯಿತಾ, ಯಾರಾದರೂ ನಷ್ಟಕ್ಕೆ ಬಿದ್ದರಾ ಅಂತ ನೋಡಿ ಅಂತಲೇ ಫಿಬಾ ನಿಯಮ ಹೇಳುತ್ತದೆ. ಭುಜ ಸವರಿದರೂ ಹುಡುಗ ಆರಾಮಾಗಿ ಲೇಅಪ್ ಹಾಕಿದನೇ, ಬಿಡಿ. ಸೊಂಟಕ್ಕೆ ಬೆರಳು ತಾಗಿ ಅವನ ದಾರಿ ತಪ್ಪಿತೇ, ಊದಿ. ಹೈಸ್ಕೂಲ್ ಪಂದ್ಯದಲ್ಲಿ ಎಂಟನೇ ಕ್ಲಾಸಿನ ಸಣ್ಣ ಹುಡುಗನ ಎದುರು ಮೀಸೆ ಬಂದ ಹತ್ತನೇ ಕ್ಲಾಸಿನವನು ನಿಂತಿರುತ್ತಾನೆ. ಒಂದೇ ತಳ್ಳು ಒಬ್ಬನಿಗೆ ಏನೂ ಅಲ್ಲ, ಇನ್ನೊಬ್ಬ ಬಾಳೆಗೊನೆ ಬಿದ್ದ ಹಾಗೆ ಬೀಳುತ್ತಾನೆ. ಪರಿಣಾಮ ನೋಡಿ ಊದಿ.

ಟ್ರಾವೆಲಿಂಗ್ (ಬಾಲ್ ಹಿಡಿದು ನಿಯಮ ಮೀರಿ ಹೆಜ್ಜೆ ಹಾಕುವುದು) ಬಗ್ಗೆ ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಬೆಂಚಿನಿಂದ ಬರುವ ಕೂಗಲ್ಲಿ ಅರ್ಧ ಇದೇ. ಫಿಬಾ 2017ರಲ್ಲಿ ಇದನ್ನು ಬದಲಾಯಿಸಿತು. ಓಡುತ್ತಾ ಬಾಲ್ ಹಿಡಿಯುವಾಗ ನೆಲದ ಮೇಲಿರುವ ಕಾಲು ಲೆಕ್ಕಕ್ಕಿಲ್ಲ, ಅದಾದ ಮೇಲೆ ಎರಡು ಹೆಜ್ಜೆ ಹಾಕಬಹುದು. ಹಳೆಯ ಕಣ್ಣಿಗೆ ಅದು ಮೂರು ಹೆಜ್ಜೆ ಕಾಣುತ್ತದೆ. ನಿಮ್ಮ ಮೇಷ್ಟ್ರು ಆಟ ಕಲಿತ ಕಾಲದಲ್ಲಿ ಪಂದ್ಯಕ್ಕೆ ಇಪ್ಪತ್ತಿಪ್ಪತ್ತು ನಿಮಿಷದ ಎರಡು ಭಾಗ ಇತ್ತು, ಶಾಟ್ ಹಾಕಲು 30 ಸೆಕೆಂಡ್, ಅರ್ಧ ಕೋರ್ಟ್ ದಾಟಲು 10 ಸೆಕೆಂಡ್. 2000ರಲ್ಲಿ ಅದೆಲ್ಲ ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, 24 ಸೆಕೆಂಡ್, 8 ಸೆಕೆಂಡ್ ಆಯಿತು. ಅವರು ಟ್ರಾವೆಲಿಂಗ್ ಅಂತ ಕೂಗಿದರೆ ನಿಮಗೆ ಅವಮಾನ ಮಾಡುತ್ತಿದ್ದಾರೆ ಅಂತ ಮೊದಲೇ ತಿಳಿಯಬೇಡಿ. ಬಾಲ್ ಸತ್ತಾಗ, ಅಂದರೆ ಆಟ ನಿಂತಾಗ, ಹತ್ತಿರ ಹೋಗಿ ‘ಸರ್, ಹಿಡಿಯುವಾಗಿನ ಕಾಲು ಎಣಿಸಲ್ಲ, ಆಮೇಲೆ ಎರಡು ಹೆಜ್ಜೆ’ ಅನ್ನಿ. ಅಷ್ಟೇ. ನಿಯಮದ ನಂಬರ್ ಹೇಳಿ ಪಾಂಡಿತ್ಯ ತೋರಿಸಲು ಹೋದರೆ ಅಲ್ಲಿಂದ ಬೇರೆ ಜಗಳ ಶುರು.

ಪಂದ್ಯಕ್ಕೆ ಮುಂಚಿನ ಸಮಯ ತುಂಬ ಬೆಲೆಯದ್ದು. ಪಂದ್ಯದ ಸಮಯಕ್ಕೆ 20 ನಿಮಿಷ ಮೊದಲಿನಿಂದಲೇ ನಿಮ್ಮ ಅಧಿಕಾರ ಶುರುವಾಗುತ್ತದೆ. ನಮ್ಮಲ್ಲಿ ರೆಫ್ರಿಗಳು ಹಿಂದಿನ ಪಂದ್ಯ ಮುಗಿಸಿ, ಒಂದು ಲೋಟ ಕಾಫಿ ಕುಡಿದು, ನೇರ ಆಟ ಶುರು ಮಾಡುವ ಜಂಪ್ ಬಾಲ್‌ಗೆ ಬರುತ್ತಾರೆ. ಕೋರ್ಟ್ ನೋಡುವವರೇ ಇಲ್ಲ. ಹಳೆಯ ಸಿಮೆಂಟ್ ಕೋರ್ಟುಗಳಲ್ಲಿ ಇನ್ನೂ ಆ ಕೆಳಗೆ ಅಗಲವಾಗುವ ಹಳೆಯ ಆಕಾರದ ಕೀ (ರಿಂಗ್ ಎದುರಿನ ಜಾಗ) ಗೆರೆ ಇರುತ್ತದೆ, ಮೂರು ಪಾಯಿಂಟಿನ ಗೆರೆ 6.25 ಮೀಟರಿನದು. 2010ರಿಂದ ಕೀ ಆಯತ, ಗೆರೆ 6.75 ಮೀಟರ್. ಕೆಲವು ಕಡೆ ಹಳೆಯದು ಅಳಿಸದೆ ಮೇಲೊಂದು ಹೊಸ ಗೆರೆ ಎಳೆದಿರುತ್ತಾರೆ. ಯಾವ ಗೆರೆ ಲೆಕ್ಕ ಅಂತ ಆಟ ಶುರುವಾಗುವ ಮೊದಲೇ ಇಬ್ಬರೂ ಕೋಚ್‌ಗಳನ್ನು ಒಟ್ಟಿಗೆ ಕರೆದು ತೋರಿಸಿ. ಶಾಟ್ ಕ್ಲಾಕ್ ಇಲ್ಲದಿದ್ದರೆ 24 ಸೆಕೆಂಡ್ ಯಾರು ಎಣಿಸುತ್ತಾರೆ, ಹೇಗೆ ಹೇಳುತ್ತಾರೆ ಅಂತಲೂ ಆಗಲೇ ಹೇಳಿ. ಕೊನೆಯ ನಿಮಿಷದಲ್ಲಿ ಒಂದು ಪಾಯಿಂಟ್ ವ್ಯತ್ಯಾಸ ಇದ್ದಾಗ ಈ ಮಾತು ಎತ್ತಿದರೆ ಯಾರೂ ಒಪ್ಪಲ್ಲ.

‘ಒಟ್ಟಿಗೆ’ ಅಂದೆ, ಅದು ಮುಖ್ಯ. ನಮ್ಮದು ಸಣ್ಣ ಜಿಲ್ಲೆ. ಹೆಸರಿನ ಮುಂದಿನ ಮನೆಹೆಸರು ಕೇಳಿದರೆ ಸಾಕು, ಯಾರ ಕಡೆಯವರು, ಯಾರಿಗೆ ಏನಾಗಬೇಕು ಅಂತ ಎರಡೇ ನಿಮಿಷದಲ್ಲಿ ಲೆಕ್ಕ ಹಾಕುತ್ತಾರೆ. ಒಬ್ಬ ಕೋಚ್ ನಿಮ್ಮ ಮೇಷ್ಟ್ರು, ಇನ್ನೊಬ್ಬರು ನಿಮ್ಮ ಅಕ್ಕನ ಮದುವೆಗೆ ಬಂದವರು. ಇದನ್ನು ತಪ್ಪಿಸಲು ಆಗಲ್ಲ, ಆದರೆ ಕೋರ್ಟಿನ ಹತ್ತಿರ ಅದು ಕಾಣದ ಹಾಗೆ ನೋಡಿಕೊಳ್ಳಬಹುದು. ಒಂದು ಶಾಲೆಯ ಜೀಪಿನಲ್ಲಿ ಬಂದು ಇಳಿಯಬೇಡಿ. ಒಬ್ಬ ಕೋಚ್ ಜೊತೆ ಮಾತ್ರ ಕೂತು ಊಟ ಮಾಡಬೇಡಿ. ಇನ್ನೊಂದು, ಹೊರಗಿನವರಿಗೆ ಹೊಳೆಯದ ವಿಷಯ: ಒಬ್ಬರ ಜೊತೆ ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ನಗುತ್ತಾ ಮಾತಾಡಿದಿರಿ ಅಂತಿಟ್ಟುಕೊಳ್ಳಿ. ಕುಶಾಲನಗರ ಕಡೆಯಿಂದ ಬಂದ ಇನ್ನೊಬ್ಬ ಕೋಚ್‌ಗೆ ಅದು ಅರ್ಥ ಆಗಲಿಲ್ಲ. ನೀವು ಮಳೆ ಬಗ್ಗೆಯೇ ಮಾತಾಡಿರಬಹುದು. ಆದರೂ ಮೊದಲ ಸಂಶಯದ ಫೌಲ್‌ಗೇ ಅವರು ‘ಅಲ್ಲೇ ಸೆಟ್ಟಿಂಗ್ ಆಯ್ತಲ್ಲ’ ಅನ್ನುತ್ತಾರೆ. ಕೋರ್ಟಿನಲ್ಲಿ ಎಲ್ಲರ ಜೊತೆ ಕನ್ನಡ ಮಾತ್ರ.

ಮೇಷ್ಟ್ರಿಗೆ ನಮಸ್ಕಾರ ಮಾಡಬೇಕೋ ಬೇಡವೋ ಅಂತ ಯೋಚನೆ ಬಂದಿರಬಹುದು. ಮಾಡಿ. ಗೇಟಿನ ಹತ್ತಿರ ಕಂಡಾಗ ಕಾಲು ಮುಟ್ಟುವ ಅಭ್ಯಾಸ ಇದ್ದರೆ ಅಲ್ಲೇ ಮುಟ್ಟಿ, ಯಾರೂ ತಪ್ಪು ತಿಳಿಯಲ್ಲ, ನಿಮ್ಮ ಮೇಷ್ಟ್ರು ಅಂತ ಹೇಗೂ ಎಲ್ಲರಿಗೂ ಗೊತ್ತು. ವಿಸಲ್ ಕೊರಳಿಗೆ ಹಾಕಿದ ಮೇಲೆ ಇಬ್ಬರೂ ಕೋಚ್‌ಗಳಿಗೆ ಒಂದೇ ಥರ ಕೈ ಕುಲುಕಿ, ಇಬ್ಬರಿಗೂ ‘ಸರ್’. ನಿಮ್ಮ ವಯಸ್ಸಿನ ಕೋಚ್ ಆದರೂ ‘ಸರ್’. ಹೆಣ್ಣುಮಕ್ಕಳ ಪಂದ್ಯಕ್ಕೆ ಮೇಡಂ ಬಂದಿದ್ದರೆ ಅವರಿಗೂ ಅಷ್ಟೇ ಗೌರವ. ಕೆಲವು ರೆಫ್ರಿಗಳು ಗಂಡು ಕೋಚ್‌ನ ಕೂಗಾಟ ಸಹಿಸಿಕೊಂಡು ಮೇಡಂ ಎದ್ದು ನಿಂತ ಕೂಡಲೇ ಕೂರಿಸುತ್ತಾರೆ. ಅದು ನೋಡಲಿಕ್ಕೇ ಬೇಸರ.

ಆಟ ಶುರುವಾದ ಮೇಲೆ ಬೆಂಚಿನಿಂದ ಬರುವ ಮಾತನ್ನು ಹೇಗೆ ತಗೊಳ್ಳೋದು? ನಾನು ಮೂರು ಥರ ವಿಂಗಡಿಸುತ್ತೇನೆ. ‘ರೆಫ್ರಿ, ಅದು ಯಾಕೆ ಫೌಲ್?’ ಅನ್ನೋದು ಪ್ರಶ್ನೆ. ಅದಕ್ಕೆ ಉತ್ತರ ಕೊಡಿ, ಅವಕಾಶ ಸಿಕ್ಕ ಕೂಡಲೇ, ಒಂದು ವಾಕ್ಯದಲ್ಲಿ: ‘ಹನ್ನೊಂದನೇ ನಂಬರ್ ಸರ್, ಶಾಟ್ ಆದ ಮೇಲೆ ಕೈಗೆ ಹೊಡೆದ.’ ‘ಏನ್ ರೆಫ್ರಿ ಇದು, ಒಂದೇ ಕಡೆ ಊದ್ತಾನೆ’ ಅನ್ನೋದು ಪ್ರಶ್ನೆ ಅಲ್ಲ, ಗೊಣಗಾಟ. ಒಂದೆರಡು ಸಲ ಕೇಳದ ಹಾಗೆ ಓಡಿ. ಇಡೀ ಬೆಂಚಿಗೆ ಕೇಳಿಸುವ ಹಾಗೆ ಮುಂದುವರಿದರೆ ಎಚ್ಚರಿಕೆ. ಮೂರನೆಯದು ನಿಮ್ಮ ನಿಯತ್ತಿನ ಮೇಲೆ, ಜಾತಿ-ಮನೆತನದ ಮೇಲೆ ಬರುವ ಮಾತು, ಕೆಟ್ಟ ಬೈಗುಳ, ಕೋರ್ಟಿನೊಳಗೆ ನುಗ್ಗಿ ಬರುವುದು. ಇದಕ್ಕೆ ಎಚ್ಚರಿಕೆಯ ಅಗತ್ಯವೇ ಇಲ್ಲ, ನೇರ ಟೆಕ್ನಿಕಲ್. ‘ವಿಸಲ್ ಹಿಡಿಯೋಕೆ ಕಲಿಸಿದ್ದೇ ನಾನು’ ಅನ್ನುವ ಮಾತನ್ನು ಬೆಂಚಿನಲ್ಲಿ ಕೂತು ಗೊಣಗಿದ್ದರೆ ನಾನು ಬಿಟ್ಟುಬಿಡುತ್ತಿದ್ದೆ. ಕೋರ್ಟಿನೊಳಗೆ ಬಂದು ಎಲ್ಲರಿಗೂ ಕೇಳಿಸುವಂತೆ ಕೂಗಿದ್ದು ಮೂರನೇ ಥರದ್ದೇ. ನಿಮ್ಮ ಜಾಗದಲ್ಲಿ ಅವರೇ ರೆಫ್ರಿ ಆಗಿದ್ದರೆ ಇನ್ನೊಬ್ಬರ ಈ ಮಾತಿಗೆ ಕ್ಷಣದಲ್ಲಿ ಕೊಟ್ಟಿರುತ್ತಿದ್ದರು, ನೀವೇ ಯೋಚಿಸಿ.

ಎಚ್ಚರಿಕೆ ಕೊಡುವ ರೀತಿಯಲ್ಲೂ ನಮ್ಮ ಕಡೆ ಒಂದು ತೊಂದರೆ ಇದೆ. ಕೊಡಗಿನಲ್ಲಿ ಹುಟ್ಟಿದವರಿಗೆ ಹಾಕಿ ಗೊತ್ತು. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಶುರುವಾದ ಮೇಲಂತೂ ಅಜ್ಜಿಯಂದಿರಿಗೂ ಕಾರ್ಡ್ ಬಣ್ಣ ಗೊತ್ತು. ಹಾಕಿಯಲ್ಲಿ ಅಂಪೈರ್ ಹಸಿರು ಕಾರ್ಡ್ ಎತ್ತಿದರೆ ಮೈದಾನಕ್ಕೆಲ್ಲ ಕಾಣುತ್ತದೆ, ಆಟಗಾರ ಎರಡು ನಿಮಿಷ ಹೊರಗೆ, ಹಳದಿ ಬಂದರೆ ಕಡಿಮೆಯೆಂದರೂ ಐದು ನಿಮಿಷ. ಬಾಸ್ಕೆಟ್‌ಬಾಲಿನಲ್ಲಿ ಕಾರ್ಡ್ ಇಲ್ಲ. ಓಡುತ್ತಾ ‘ಸರ್ ಸಾಕು’ ಅಂದರೆ ಅದು ಎಚ್ಚರಿಕೆ ಅಂತ ಯಾರಿಗೂ ತಿಳಿಯಲ್ಲ. ಆಮೇಲೆ ಟೆಕ್ನಿಕಲ್ ಕೊಟ್ಟಾಗ ‘ಹೇಳದೆ ಕೇಳದೆ ಕೊಟ್ಟ’ ಅನ್ನುತ್ತಾರೆ, ಪ್ರೇಕ್ಷಕರೂ ಅವರ ಜೊತೆ ಸೇರುತ್ತಾರೆ. ಹಾಗಾಗಿ ಎಚ್ಚರಿಕೆಯನ್ನು ಕಾಣುವ ಹಾಗೆ ಕೊಡಿ. ಬಾಲ್ ಸತ್ತು ಗಡಿಯಾರ ನಿಂತಾಗ ಬೆಂಚಿನ ಹತ್ತಿರ ನಡೆದು ಹೋಗಿ, ಓಡಬೇಡಿ. ಬೆರಳು ತೋರಿಸಬೇಡಿ, ಕೈ ಕೆಳಗಿರಲಿ. ‘ಸರ್, ಇದು ಎಚ್ಚರಿಕೆ. ಪ್ರಶ್ನೆ ಇದ್ದರೆ ಕೇಳಿ, ಉತ್ತರ ಕೊಡುತ್ತೇನೆ. ಕೂಗಾಟ ಇಲ್ಲಿಗೆ ನಿಲ್ಲಲಿ.’ ಇಷ್ಟು ಹೇಳಿ ತಿರುಗಿ ಬನ್ನಿ. ಉತ್ತರಕ್ಕೆ ಕಾಯಬೇಡಿ. ಟೇಬಲ್ಲಿಗೂ ಜೊತೆ ರೆಫ್ರಿಗೂ ಎಚ್ಚರಿಕೆ ಕೊಟ್ಟೆ ಅಂತ ತಿಳಿಸಿ.

ಟೆಕ್ನಿಕಲ್ ಕೊಡುವುದೂ ಹೀಗೇ, ತಣ್ಣಗೆ. ವಿಸಲ್ ಊದಿ, ಕೈಯಲ್ಲಿ ‘ಟಿ’ ಮಾಡಿ, ಟೇಬಲ್ ಕಡೆ ಹೋಗಿ ‘ಕೋಚ್, ಸಿ’ ಅಂತ ಹೇಳಿ. ಮೇಷ್ಟ್ರ ಮುಖ ನೋಡುವ ಅಗತ್ಯವಿಲ್ಲ, ವಿವರಣೆಯೂ ಆಗ ಬೇಡ. ಕೊಟ್ಟವನು ಹತ್ತಿರ ನಿಂತರೆ ಎರಡನೆಯದು ಅಲ್ಲೇ ಬರುತ್ತದೆ. ದೂರ ಹೋಗಿ, ಮಾತಾಡುವುದಿದ್ದರೆ ಜೊತೆ ರೆಫ್ರಿ ಹೋಗಿ ಮಾತಾಡಲಿ. ಆಮೇಲೆ ಐದು ನಿಮಿಷ ಬಿಟ್ಟು ಅವರು ಸಾಮಾನ್ಯ ಪ್ರಶ್ನೆ ಕೇಳಿದರೆ ಏನೂ ಆಗಿಲ್ಲ ಅನ್ನುವ ಹಾಗೆ ‘ಹೇಳಿ ಸರ್’ ಅಂತ ಉತ್ತರ ಕೊಡಿ. ಮನಸ್ಸು ಚುಚ್ಚಿ ಎದುರು ತಂಡದ ಮೇಲೆ ಸುಮ್ನೆ ಒಂದು ಫೌಲ್ ಊದಿ ಸಮ ಮಾಡಲು ಮಾತ್ರ ಹೋಗಬೇಡಿ. ಎರಡೂ ಬೆಂಚಿಗೆ ಅದು ಗೊತ್ತಾಗುತ್ತದೆ, ಅಲ್ಲಿಗೆ ಪಂದ್ಯ ನಿಮ್ಮ ಕೈ ತಪ್ಪಿತು.

ಬೆಂಚಿನಲ್ಲಿ ಯಾರು ಮಾತಾಡಬಹುದು ಅನ್ನೋದನ್ನು ಮೊದಲೇ ಸರಿ ಮಾಡಿಕೊಂಡರೆ ಅರ್ಧ ತಲೆನೋವು ಹೋಗುತ್ತದೆ. ಕೋಚ್ ಮತ್ತು ಅಸಿಸ್ಟೆಂಟ್ ಕೋಚ್ ಇಬ್ಬರಲ್ಲಿ ಒಂದು ಸಲಕ್ಕೆ ಒಬ್ಬರು ಮಾತ್ರ ಎದ್ದು ನಿಲ್ಲಬಹುದು, ಅದೂ ಬೆಂಚಿನ ಜಾಗದೊಳಗೆ. ಅಸಿಸ್ಟೆಂಟ್ ರೆಫ್ರಿ ಜೊತೆ ಮಾತಾಡುವ ಹಾಗಿಲ್ಲ. ಕೋರ್ಟಿನಲ್ಲಿ ಕ್ಯಾಪ್ಟನ್ ಕೇಳಬಹುದು, ಮರ್ಯಾದೆಯಿಂದ, ಬಾಲ್ ಸತ್ತು ಗಡಿಯಾರ ನಿಂತಾಗ. ನಮ್ಮಲ್ಲಿ ಬೆಂಚು ಅಂದರೆ ಒಂದು ಸಂತೆ. ಹೆಡ್‌ಮಾಸ್ಟರು, ಹಳೆಯ ವಿದ್ಯಾರ್ಥಿಗಳು, ಹುಡುಗನ ಚಿಕ್ಕಪ್ಪ, ಬಿಸ್ಕತ್ ಹಿಡಿದ ಪುಟ್ಟ ತಂಗಿ, ಎಲ್ಲರೂ ಅಲ್ಲೇ. ಜಂಪ್ ಬಾಲ್‌ಗೆ ಮೊದಲೇ ಪಟ್ಟಿಯಲ್ಲಿ ಹೆಸರಿಲ್ಲದವರನ್ನು ನಗುತ್ತಲೇ ಎಬ್ಬಿಸಿ. ಹೊರಗೆ ಕೂತು ಕೂಗುವ ಪೋಷಕರ ಜೊತೆ ನೀವು ಮಾತಿಗೆ ಇಳಿಯಬೇಡಿ. ಸೇನೆಯಿಂದ ನಿವೃತ್ತರಾಗಿ ಬಂದ ಹಿರಿಯರು ತಮ್ಮ ಪರೇಡ್ ಮೈದಾನದ ಗಂಟಲಲ್ಲೇ ಸಲಹೆ ಕೊಡುತ್ತಾರೆ, ಕೊಡಲಿ. ಮಿತಿ ಮೀರಿದರೆ ಆಟ ನಿಲ್ಲಿಸಿ ಆಯೋಜಕರನ್ನು ಕರೆಯಿರಿ, ಅವರನ್ನು ಸಮಾಧಾನ ಮಾಡುವುದು ಆಯೋಜಕರ ಕೆಲಸ.

ಇನ್ನು ಟೇಬಲ್. ಎರಡು ಪಾಯಿಂಟ್ ಜಗಳ ಅಂದಿರಲ್ಲ, ಅದರಲ್ಲಿ ಮೇಷ್ಟ್ರದ್ದು ತಪ್ಪೇನಿಲ್ಲ. ಆತಿಥೇಯ ಶಾಲೆಯ ಒಂಬತ್ತನೇ ಕ್ಲಾಸಿನ ಇಬ್ಬರು ಮಕ್ಕಳನ್ನು ಕೂರಿಸಿ, ಒಂದು ನೋಟ್‌ಬುಕ್ ಹಾಳೆ ಕೊಟ್ಟು ಸ್ಕೋರ್ ಬರೆಸಿದರೆ ಹೀಗೇ ಆಗೋದು. ಸರಿಯಾದ ಸ್ಕೋರ್‌ಶೀಟ್ ಕೇಳಿ. ಎರಡೂ ತಂಡದಿಂದ ಒಬ್ಬೊಬ್ಬರು ಪಕ್ಕದಲ್ಲಿ ಕೂತು ಬೇರೆ ಹಾಳೆಯಲ್ಲಿ ಬರೆಯಲಿ. ಪ್ರತಿ ಕ್ವಾರ್ಟರ್ ಮುಗಿದಾಗ ನೀವೇ ಹೋಗಿ ಮೂರನ್ನೂ ತಾಳೆ ನೋಡಿ, ಅರ್ಧ ನಿಮಿಷದ ಕೆಲಸ. ಲೆಕ್ಕ ಬರೆಯುವಲ್ಲಿ ತಪ್ಪಾಗಿದ್ದರೆ ರೆಫ್ರಿ ಕೊನೆಗೆ ಸ್ಕೋರ್‌ಶೀಟಿಗೆ ಸಹಿ ಹಾಕುವವರೆಗೆ ಯಾವಾಗ ಬೇಕಾದರೂ ತಿದ್ದಬಹುದು, ಹಾಗಾಗಿ ಅವಸರದಲ್ಲಿ ಸಹಿ ಹಾಕಬೇಡಿ. ಟೈಮ್‌ಔಟ್ ಗೊಂದಲವೂ ಇಲ್ಲೇ ಹುಟ್ಟುತ್ತದೆ. ನಮ್ಮ ಕೋಚ್‌ಗಳು ರೆಫ್ರಿಯತ್ತ ಕೂಗಿ ಟೈಮ್‌ಔಟ್ ಕೇಳುತ್ತಾರೆ, ಕೊಡದಿದ್ದರೆ ಸಿಟ್ಟು. ಕೇಳಬೇಕಾದದ್ದು ಟೇಬಲ್ಲಿನವರ ಹತ್ತಿರ. ಸಿಗೋದು ಬಾಲ್ ಸತ್ತು ಗಡಿಯಾರ ನಿಂತಾಗ, ಇಲ್ಲವೇ ಎದುರಿನವರು ಬುಟ್ಟಿಗೆ ಹಾಕಿದಾಗ. ಮೊದಲರ್ಧದಲ್ಲಿ ಎರಡು, ಎರಡನೇ ಅರ್ಧದಲ್ಲಿ ಮೂರು. ಇದನ್ನೂ ಮೊದಲ ಭೇಟಿಯಲ್ಲೇ ಹೇಳಿಬಿಡಿ.

ನಿಮ್ಮ ಜೊತೆಗಿದ್ದ ರೆಫ್ರಿ ಬಗ್ಗೆ ನನಗೆ ಮೇಷ್ಟ್ರಿಗಿಂತ ಜಾಸ್ತಿ ಸಿಟ್ಟು ಬಂತು. ಇಬ್ಬರೇ ಇರುವ ಪಂದ್ಯದಲ್ಲಿ ಒಬ್ಬ ಮುಖ ತಿರುಗಿಸಿ ನಿಂತರೆ ಕೋಚ್‌ಗೆ ಸಂದೇಶ ಸಿಕ್ಕಿಬಿಡುತ್ತದೆ: ಇವನೂ ಒಪ್ಪಿಲ್ಲ. ಜಿಲ್ಲಾ ಪಂದ್ಯಕ್ಕೆ ಯಾರು ಜೊತೆಗಿದ್ದರೂ ಮೊದಲೇ ಹತ್ತು ನಿಮಿಷ ಕೂತು ಮಾತಾಡಿ. ಕೈ ಇಡುವುದಕ್ಕೆ ಇಬ್ಬರ ಅಳತೆಯೂ ಒಂದೇ ಇರಲಿ. ಆಟದ ಹಿಂದೆ ಬರುವ ರೆಫ್ರಿ ಯಾವುದನ್ನು ನೋಡುತ್ತಾನೆ, ಬೇಸ್‌ಲೈನಿನಲ್ಲಿ ನಿಂತವನು ಯಾವುದನ್ನು ಅಂತ ಹಂಚಿಕೊಳ್ಳಿ. ‘ಬೆಂಚು ನನ್ನ ಮೇಲೆ ಬಿದ್ದರೆ ನೀವು ಹೋಗಿ, ನಿಮ್ಮ ಮೇಲೆ ಬಿದ್ದರೆ ನಾನು’ ಅಂತ ಮಾತಾಗಲಿ. ನಿಮ್ಮ ಮೇಷ್ಟ್ರ ಪಂದ್ಯವಾದರೆ ಅವರ ಬೆಂಚಿನ ಹತ್ತಿರ ಮೊದಲ ಎಚ್ಚರಿಕೆಗೆ ಜೊತೆಯವರೇ ಹೋದರೆ ಒಳ್ಳೆಯದು. ಫೌಲ್ ತೀರ್ಪಾದ ಮೇಲೆ ಇಬ್ಬರೂ ಜಾಗ ಬದಲಾಯಿಸುತ್ತೀರಲ್ಲ, ಬಿಸಿ ಇದ್ದಾಗ ಅದರಲ್ಲಿ ಸೋಮಾರಿತನ ಬೇಡ. ಒಬ್ಬನೇ ಆಟವಿಡೀ ಒಂದೇ ಬೆಂಚಿನ ಬಾಯಿಗೆ ಸಿಕ್ಕಬಾರದು.

ಮಳೆ ವಿಷಯ ನೀವು ಕೇಳಿಲ್ಲ, ಆದರೆ ಹೇಳದೆ ಬಿಟ್ಟರೆ ಕೊಡಗಿನ ರೆಫ್ರಿಗೆ ಉತ್ತರ ಕೊಟ್ಟ ಹಾಗೆ ಆಗಲ್ಲ. ನಮ್ಮ ಶಾಲಾ ಕ್ರೀಡಾಕೂಟಗಳ ಕಾಲವೂ ಮಳೆಗಾಲವೂ ಒಂದೇ. ಜುಲೈ ಮಧ್ಯದ ಕಕ್ಕಡ ತಿಂಗಳಿನಿಂದ ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬ ದಾಟುವವರೆಗೆ ಬಯಲಿನ ಸಿಮೆಂಟ್ ಕೋರ್ಟ್ ಒಣಗಿದ್ದೇ ಅಪರೂಪ, ಅಂಚಿನಲ್ಲಿ ಪಾಚಿ. ಮುಂದಿರುವ ತಂಡದ ಕೋಚ್ ಆಡಿಸಿ ಅನ್ನುತ್ತಾರೆ, ಹಿಂದಿರುವವರು ನಿಲ್ಲಿಸಿ ಅನ್ನುತ್ತಾರೆ. ಇಬ್ಬರ ಮಾತೂ ಕೇಳಬೇಡಿ. ನೀವೇ ಓಡಿ ಒಮ್ಮೆ ತಟ್ಟನೆ ನಿಂತು ನೋಡಿ. ಶೂ ಜಾರಿದರೆ ನಿಲ್ಲಿಸಿ. ನಿಲ್ಲಿಸಿದ ಸಮಯ, ಸ್ಕೋರ್, ಬಾಲ್ ಯಾರದ್ದು, ತಂಡದ ಫೌಲ್ ಎಷ್ಟು ಅನ್ನೋದನ್ನು ಅಲ್ಲೇ ಬರೆಸಿ ಇಬ್ಬರೂ ಕೋಚ್‌ಗಳಿಗೆ ತೋರಿಸಿ. ಹದಿನೈದು ವರ್ಷದ ಹುಡುಗನ ಮಂಡಿ ಹೋದರೆ ಯಾವ ಕಪ್ ತಂದು ಏನು ಪ್ರಯೋಜನ?

ಜಿಲ್ಲಾ ಮಟ್ಟದಲ್ಲಿ ಮೇಷ್ಟ್ರ ಪಂದ್ಯ ಬೇಡ ಅಂತ ಬರೆದುಕೊಡಬೇಕಾ ಅಂತಲೂ ನೀವು ಯೋಚಿಸಿರಬಹುದು. ನನ್ನ ಅಭಿಪ್ರಾಯ, ಬೇಡ. ನಿಮ್ಮ ಈಗಿನ ಶಾಲೆ ಆಡುತ್ತಿದ್ದರೆ, ಅಥವಾ ಆ ಪಂದ್ಯದ ಫಲಿತಾಂಶದಿಂದ ನಿಮ್ಮ ಶಾಲೆಗೆ ಲಾಭ ನಷ್ಟ ಇದ್ದರೆ, ಖಂಡಿತ ಬೇಡ ಅನ್ನಿ, ಮುಲಾಜು ನೋಡಬೇಡಿ. ಹಳೆಯ ವಿದ್ಯಾರ್ಥಿ ಅನ್ನುವ ಕಾರಣಕ್ಕೆ ಎಲ್ಲರೂ ಹಿಂದೆ ಸರಿದರೆ ಕೊಡಗಿನಲ್ಲಿ ಒಂದು ಪಂದ್ಯವೂ ನಡೆಯಲ್ಲ. ಪಂದ್ಯ ಮುಗಿದ ಮೇಲೆ ಅಲ್ಲೇ ನಿಂತು ತೀರ್ಪಿನ ಚರ್ಚೆ ಮಾಡಬೇಡಿ. ಆಕ್ಷೇಪ ಇದ್ದರೆ ಕ್ಯಾಪ್ಟನ್ ಸ್ಕೋರ್‌ಶೀಟಿನಲ್ಲಿ ಅದಕ್ಕಾಗಿಯೇ ಇರುವ ಜಾಗದಲ್ಲಿ 15 ನಿಮಿಷದೊಳಗೆ ಸಹಿ ಹಾಕಲಿ, ದಾರಿ ಇದೆ. ನೀವಿಬ್ಬರೂ ರೆಫ್ರಿಗಳು ಒಟ್ಟಿಗೆ ಹೊರಡಿ.

ಫೋನ್ ವಿಷಯ. ಪಂದ್ಯಕ್ಕೆ ಮೊದಲು ಇನ್ನು ಮಾಡಬೇಡಿ. ಈಗ ಸಂಧಾನ ಮಾಡಿಕೊಂಡು ಹೋಗಿ ಅವರ ತಂಡ ಗೆದ್ದರೂ ಮಾತು, ಸೋತರೂ ಮಾತು. ಜಿಲ್ಲಾ ಮಟ್ಟ ಮುಗಿದ ಮೇಲೆ ಒಂದು ಭಾನುವಾರ ಮನೆಗೇ ಹೋಗಿ. ಕ್ಷಮೆ ಕೇಳುವ ಕೆಲಸ ನಿಮ್ಮದಲ್ಲ, ಅವರನ್ನು ಕೇಳಿಸಲೂ ಹೋಗಬೇಡಿ. ಮೊದಲ ಕ್ವಾರ್ಟರಿನಲ್ಲಿ ಸಡಿಲ ಬಿಟ್ಟು ಮೂರನೆಯದರಲ್ಲಿ ಬಿಗಿ ಮಾಡಿದ್ದು ಅವರ ಕಡೆಯಿಂದ ಹೇಗೆ ಕಂಡಿತು ಅಂತ ಕೇಳಿ. ಆ ಒಂದು ವಿಷಯದಲ್ಲಿ ಅವರು ಹೇಳುವುದರಲ್ಲಿ ನಿಮಗೆ ಬೇಕಾದದ್ದು ತುಂಬ ಇರುತ್ತದೆ. ಹೊಸ ಟ್ರಾವೆಲಿಂಗ್ ನಿಯಮವನ್ನು ಅವರ ಹುಡುಗರಿಗೆ ಒಂದು ಸಂಜೆ ಬಂದು ತೋರಿಸಲಾ ಅಂತಲೂ ಕೇಳಿ ನೋಡಿ. ಹೆಚ್ಚಿನ ಮೇಷ್ಟ್ರುಗಳು ಅದಕ್ಕೆ ಬೇಡ ಅನ್ನಲ್ಲ.